ಕಾಂಕ್ರೀಟಿನೊಳಗಿನ ಹುರಿಯ ಲೆಕ್ಕ ಊರಿಗೆ ಸಿಗಲಿ

2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ನಾಡಿಗೆ ಬೆಳಕು ಕೊಡಲೆಂದು 1960ರ ದಶಕದಲ್ಲಿ ಗದ್ದೆ ತೋಟಗಳನ್ನು ಲಿಂಗನಮಕ್ಕಿಯ ನೀರಿಗೆ ಬಿಟ್ಟುಕೊಟ್ಟು, ಅಲ್ಲಿಂದಾಚೆಗೆ ತಲೆಮಾರುಗಳ ಕಾಲ ಹೊಳೆಬಾಗಿಲಿನ ಲಾಂಚಿಗೆ ಕಾದು ನಿಂತ ಕರೂರು–ಬಾರಂಗಿ ಸೀಮೆಯ ಜನ ಅಂದು ಸಂಭ್ರಮಪಟ್ಟದ್ದು ನ್ಯಾಯವೇ ಆಗಿದೆ. ಲಾಂಚು ನಿಂತ ಮೇಲೆ ರೋಗಿಯನ್ನು ಸಾಗರದ ಆಸ್ಪತ್ರೆಗೆ ಒಯ್ಯುವುದು ಹೇಗೆಂದು ತುಮರಿಯ ಮನೆಗಳು ಎದುರಿಸಿದ ಚಿಂತೆಯನ್ನು ಅರಿಯದವರು ಆ ಸೇತುವೆಯ ಬಗ್ಗೆ ಹಗುರವಾಗಿ ಮಾತನಾಡಬಾರದು. ಬೆಟ್ಟದ ಸೀಮೆಗೆ ಸೇತುವೆಯೇ ಬೇಡವೆನ್ನುವ ಪರಿಸರವಾದ ಪೇಟೆಯ ಬಾಲ್ಕನಿಗಳಲ್ಲಿ ಮಾತ್ರ ಬೆಳೆಯಬಲ್ಲದು.

ಆದರೆ ಉದ್ಘಾಟನೆಯ ಭಾಷಣಗಳಲ್ಲಿ ಸೇತುವೆಯ ಉದ್ದ, ತಗಲಿದ ಕೋಟಿಗಳು ಮತ್ತು ಶ್ರೇಯಸ್ಸಿನ ಹಕ್ಕುದಾರರ ಹೆಸರುಗಳು ಕೇಳಿಬರುವುದು ವಾಡಿಕೆ. ಅದು ಯಾವ ಬಲದಿಂದ ನಿಂತಿದೆ, ಆ ಬಲವನ್ನು ಮುಂದಿನ ಐವತ್ತು ಮಳೆಗಾಲಗಳಲ್ಲಿ ಯಾರು ಪರೀಕ್ಷಿಸುತ್ತಾರೆ, ಪರೀಕ್ಷೆಯ ಫಲಿತಾಂಶ ಯಾರ ಕೈಸೇರುತ್ತದೆ ಎಂಬುದನ್ನು ಯಾವ ವೇದಿಕೆಯಿಂದಲೂ ಯಾರೂ ಹೇಳುವುದಿಲ್ಲ. ಈ ಮಾತು ಒಂದು ಸೇತುವೆಗೆ ಸೀಮಿತವಲ್ಲ. ಕಳೆದ ಎರಡು ಮೂರು ದಶಕಗಳಲ್ಲಿ ಕಟ್ಟಿದ ದೊಡ್ಡ ಸೇತುವೆಗಳಲ್ಲಿ ಬಹುಪಾಲು, ನಗರದ ಮಾಲು, ಕಚೇರಿ, ವಾಹನ ನಿಲುಗಡೆಯ ಮಹಡಿಗಳಲ್ಲಿ ಅನೇಕವು ಕಣ್ಣಿಗೆ ಕಾಣದ ಉಕ್ಕಿನ ಹುರಿಗಳ ಬಿಗಿತದಿಂದ ನಿಂತಿವೆ. ಅದೇ ತಂತ್ರ ಈಗ ಘಟ್ಟ ಹತ್ತಿ ಬರುತ್ತಿದೆ. ಅದರೊಂದಿಗೆ ಬರಬೇಕಾದ ಕಾಗದಪತ್ರಗಳು ಮಾತ್ರ ಘಟ್ಟದ ಕೆಳಗೇ ಉಳಿಯುತ್ತಿವೆ.

ತಂತ್ರವನ್ನು ಮೊದಲು ತಿಳಿಯಬೇಕು. ಕಾಂಕ್ರೀಟನ್ನು ಅದುಮಿದರೆ ಅದು ಕಲ್ಲಿನಂತೆ ತಡೆದುಕೊಳ್ಳುತ್ತದೆ. ಎಳೆದರೆ ಬಹು ಬೇಗ ಬಿರಿಯುತ್ತದೆ. ಎಳೆತವನ್ನು ತಡೆಯುವ ಅದರ ಶಕ್ತಿ ಅದುಮುವಿಕೆಯನ್ನು ತಡೆಯುವ ಶಕ್ತಿಯ ಸುಮಾರು ಹತ್ತನೆಯ ಒಂದು ಪಾಲು ಮಾತ್ರ. ಸಾಧಾರಣ ಆರ್‌ಸಿಸಿ ಛಾವಣಿಯಲ್ಲಿ ಎಳೆತ ಬೀಳುವ ಕಡೆ ಕಬ್ಬಿಣದ ಸರಳುಗಳನ್ನು ಹಾಕುವುದು ಇದಕ್ಕಾಗಿಯೇ. ಇನ್ನೊಂದು ಮಾರ್ಗವೂ ಇದೆ. ಎತ್ತಿನ ಗಾಡಿಯ ಗಾಲಿಗೆ ಬಡಗಿಯೂ ಕಮ್ಮಾರನೂ ಸೇರಿ ಕೆಂಪಗೆ ಕಾದ ಕಬ್ಬಿಣದ ಪಟ್ಟಿಯನ್ನು ಏರಿಸಿ ನೀರು ಹೊಯ್ಯುತ್ತಿದ್ದುದನ್ನು ಹಳಬರು ಬಲ್ಲರು. ತಣಿದ ಪಟ್ಟಿ ಕುಗ್ಗಿ ಮರದ ತುಂಡುಗಳನ್ನೆಲ್ಲ ಒಂದಕ್ಕೊಂದು ಒತ್ತಿ ಹಿಡಿಯುತ್ತದೆ. ಗಾಡಿಗೆ ಭಾರ ಬೀಳುವ ಮೊದಲೇ ಗಾಲಿ ಬಿಗಿದು ಸಿದ್ಧವಾಗಿರುತ್ತದೆ. ಕಾಂಕ್ರೀಟಿನ ತೊಲೆಯೊಳಗೆ ಉಕ್ಕಿನ ಹುರಿಯನ್ನು ಹಾಯಿಸಿ, ಎರಡೂ ತುದಿಗಳಿಂದ ಜಗ್ಗಿ, ಬೆಣೆ ಹೊಡೆದು ಬಿಟ್ಟರೆ ಆಗುವುದೂ ಇದೇ. ಹುರಿ ಕುಗ್ಗಲು ಹವಣಿಸುತ್ತದೆ, ಅದರ ಹವಣಿಕೆ ಕಾಂಕ್ರೀಟನ್ನು ಸದಾ ಅದುಮಿ ಹಿಡಿಯುತ್ತದೆ. ಮೇಲೆ ಲಾರಿ ಬಂದಾಗ ಹುಟ್ಟುವ ಎಳೆತ ಮೊದಲೇ ಕೂಡಿಟ್ಟ ಈ ಅದುಮುವಿಕೆಯನ್ನು ಕರಗಿಸಬೇಕು. ಅಷ್ಟರವರೆಗೆ ತೊಲೆ ಬಿರಿಯುವುದಿಲ್ಲ. ಕಾಂಕ್ರೀಟು ಗಟ್ಟಿಯಾದ ಬಳಿಕ ಹುರಿ ಜಗ್ಗುವ ಈ ಪದ್ಧತಿಗೆ ಪೋಸ್ಟ್ ಟೆನ್ಷನಿಂಗ್ ಎಂದು ಹೆಸರು.

ಬಲದ ಅಂದಾಜು ವಿದ್ಯಾರ್ಥಿಗಳಿಗೆ ತಿಳಿದಿರಲಿ. ಏಳು ತಂತಿಗಳನ್ನು ಹೆಣೆದ, 12.7 ಮಿ.ಮೀ. ದಪ್ಪದ, ಅಂದರೆ ಕಿರುಬೆರಳಿನಷ್ಟಿರುವ ಒಂದು ಹುರಿಯನ್ನು ಸುಮಾರು 14 ಟನ್ ಬಲದಿಂದ ಜಗ್ಗಿ ಕಟ್ಟಲಾಗುತ್ತದೆ. 30 ಮೀಟರ್ ಉದ್ದದ ಹುರಿ ಹೀಗೆ ಜಗ್ಗಿದಾಗ 20 ಸೆಂ.ಮೀ. ಆಸುಪಾಸಿನಲ್ಲಿ ಹಿಗ್ಗುತ್ತದೆ. ದೊಡ್ಡ ಸೇತುವೆಯ ಒಂದೊಂದು ಕೇಬಲ್ಲಿನಲ್ಲಿ ಇಂಥ ಹತ್ತಾರು ಹುರಿಗಳಿರುತ್ತವೆ. ಆ ಬಲ ಸೇತುವೆ ನಿಂತಿರುವಷ್ಟು ದಿನವೂ, ರಾತ್ರಿ ಹಗಲು, ವಾಹನ ಇರಲಿ ಇಲ್ಲದಿರಲಿ, ಒಳಗೆ ದುಡಿಯುತ್ತಲೇ ಇರುತ್ತದೆ.

ಈ ವಿದ್ಯೆಗೆ ಅಡಿಗಲ್ಲು ಹಾಕಿದವನು ಫ್ರಾನ್ಸಿನ ಯೂಜೀನ್ ಫ್ರೆಸಿನೆ. ಅವನ ಪೇಟೆಂಟ್ 1928ರದು. ಅದಕ್ಕೂ ಮೊದಲು, 1911ರ ಹೊತ್ತಿಗೆ, ಆಲಿಯೆ ನದಿಯ ಮೇಲೆ ಲ ವರ್ದ್ರ್ ಎಂಬಲ್ಲಿ ಅವನು ಕಟ್ಟಿದ ಕಮಾನಿನ ಸೇತುವೆ ನೆತ್ತಿಯಲ್ಲಿ ಕ್ರಮೇಣ ಕುಸಿಯತೊಡಗಿತ್ತು. ಫ್ರೆಸಿನೆ ಜಾಕು ಹಚ್ಚಿ ಕಮಾನುಗಳನ್ನು ಎತ್ತಿ ಉಳಿಸಿದ. ನಿರಂತರ ಭಾರದಡಿ ಕಾಂಕ್ರೀಟು ವರ್ಷಗಳ ಕಾಲ ಮೆಲ್ಲಮೆಲ್ಲನೆ ಕುಗ್ಗುತ್ತಲೇ ಹೋಗುತ್ತದೆಂಬ ಪಾಠವನ್ನು ಅವನು ಕಲಿತದ್ದು ಅಲ್ಲಿ. ಕಾಂಕ್ರೀಟು ಕುಗ್ಗಿದರೆ ಹುರಿ ಸಡಿಲವಾಗುತ್ತದೆ. ಉಕ್ಕೂ ತಾನಾಗಿ ಅಲ್ಪಸ್ವಲ್ಪ ಸಡಿಲಗೊಳ್ಳುತ್ತದೆ. ಹಾಗಾಗಿ ಜಗ್ಗಿದ ದಿನದ ಬಲ ಇಪ್ಪತ್ತು ವರ್ಷಗಳ ಬಳಿಕ ಅಷ್ಟೇ ಇರುವುದಿಲ್ಲ. ಎಷ್ಟು ಉಳಿದಿದೆ ಎಂಬುದು ಲೆಕ್ಕದ ವಿಷಯ, ಮತ್ತು ಲೆಕ್ಕ ತಪ್ಪಬಹುದು. ತಂತ್ರವನ್ನು ಕಂಡುಹಿಡಿದವನಿಗೇ ಗೊತ್ತಿದ್ದ ಈ ಸಂಗತಿಯನ್ನು ಮುಚ್ಚಿಟ್ಟು ‘ನಿರ್ವಹಣೆಯೇ ಬೇಡದ ಕಾಂಕ್ರೀಟು’ ಎಂದು ಮಾರಿದ್ದು ನಂತರದ ವ್ಯಾಪಾರ.

ಜಗ್ಗಿದ ಹುರಿಯನ್ನು ಕಾಪಾಡುವುದಕ್ಕೆ ಎರಡು ದಾರಿಗಳಿವೆ. ಹುರಿ ಹಾಯ್ದ ಕೊಳವೆಯೊಳಕ್ಕೆ ಸಿಮೆಂಟಿನ ಹಾಲನ್ನು ಒತ್ತಡದಿಂದ ತುಂಬಿ, ಹುರಿಯೂ ಕಾಂಕ್ರೀಟೂ ಒಂದೇ ಗಟ್ಟಿಯಾಗುವಂತೆ ಮಾಡುವುದು ಮೊದಲನೆಯದು. ಹುರಿಗೆ ಗ್ರೀಸು ಬಳಿದು, ಪ್ಲಾಸ್ಟಿಕ್ ಕವಚ ತೊಡಿಸಿ, ಅದು ಕಾಂಕ್ರೀಟಿಗೆ ಅಂಟದೆ ಸ್ವತಂತ್ರವಾಗಿ ಜಾರುವಂತೆ ಬಿಡುವುದು ಎರಡನೆಯದು. ಸೇತುವೆಗಳಲ್ಲಾದರೆ ಇಂಥ ಅಂಟದ ಕೇಬಲ್ಲುಗಳನ್ನು ಕಾಂಕ್ರೀಟಿನ ಮೈಯಿಂದ ಹೊರಗೆ, ಪೆಟ್ಟಿಗೆಯಾಕಾರದ ತೊಲೆಯ ಟೊಳ್ಳಿನೊಳಗೆ ಹಾಯಿಸಬಹುದು. ಟಾರ್ಚು ಹಿಡಿದ ಮನುಷ್ಯ ಅಲ್ಲಿ ನಡೆದುಹೋಗಿ ಒಂದೊಂದನ್ನೂ ಮುಟ್ಟಿ ನೋಡಬಹುದು.

ಅಂಟಿದ ಹುರಿಗೆ ಒಂದು ಗುಣವಿದೆ. ಒಂದು ಕಡೆ ಕಡಿದರೂ ಸ್ವಲ್ಪ ದೂರದಲ್ಲಿ ಅದು ಮತ್ತೆ ಕಾಂಕ್ರೀಟನ್ನು ಕಚ್ಚಿ ಹಿಡಿಯುತ್ತದೆ, ನಷ್ಟ ಆ ಜಾಗಕ್ಕೆ ಸೀಮಿತ. ಅಂಟದ ಹುರಿ ಎಲ್ಲಿಯೇ ಕಡಿಯಲಿ, ಉದ್ದಕ್ಕೂ ಅದರ ಬಲ ಹೋಯಿತು. ಎರಡು ತುದಿಯ ಬೆಣೆಗಳೇ ಅದಕ್ಕೆ ಆಧಾರ. ಇದನ್ನೇ ತೋರಿಸಿ ಅಂಟದ ಹುರಿಯನ್ನು ಹೀಗಳೆಯುವವರಿದ್ದಾರೆ. ಆದರೆ ಅಂಟಿದ ಹುರಿಯ ದೊಡ್ಡ ದೋಷವನ್ನು ಅವರು ಹೇಳುವುದಿಲ್ಲ: ಒಮ್ಮೆ ಸಿಮೆಂಟಿನ ಹಾಲು ತುಂಬಿದ ಮೇಲೆ ಅದು ತುಂಬಿತೋ, ನಡುವೆ ಟೊಳ್ಳು ಉಳಿಯಿತೋ, ಟೊಳ್ಳಿನಲ್ಲಿ ನೀರು ನಿಂತಿತೋ ಎಂದು ಹೊರಗಿನಿಂದ ನೋಡಿ ಹೇಳುವುದು ಅಸಾಧ್ಯ. ತುಕ್ಕು ಹಿಡಿದರೆ ಬದಲಿಸುವಂತೆಯೂ ಇಲ್ಲ.

1985ರ ಡಿಸೆಂಬರ್ 4ರಂದು ವೇಲ್ಸಿನಲ್ಲಿ ಅನಿಸ್ ಅ ಗ್ವಾಸ್ ಎಂಬ ಸಣ್ಣ ಸೇತುವೆ ಕುಸಿಯಿತು. 1953ರಲ್ಲಿ ಕಟ್ಟಿದ್ದು, ಅಂಟಿದ ಹುರಿಯದು. ತುಂಡುಗಳ ಸಂದಿನಲ್ಲಿ ಇಳಿದ ನೀರು ಹುರಿಗಳನ್ನು ತಿಂದು ಹಾಕಿತ್ತು. ಬೀಳುವ ಮುನ್ನ ಅದು ಬಾಗಲೂ ಇಲ್ಲ, ಬಿರುಕು ತೋರಿಸಲೂ ಇಲ್ಲ. 1992ರಲ್ಲಿ ಬ್ರಿಟನ್ನಿನ ಸಾರಿಗೆ ಇಲಾಖೆ ಆ ಬಗೆಯ ಹೊಸ ಸೇತುವೆಗಳನ್ನೇ ಕೆಲಕಾಲ ನಿಷೇಧಿಸಿತು. ಕರ್ನಾಟಕದ ಮಗ್ಗುಲಲ್ಲಿಯೇ, ಪಣಜಿಯಲ್ಲಿ, ಮಾಂಡೋವಿ ನದಿಯ ಮೇಲಿನ ಸೇತುವೆ 1986ರ ಜುಲೈ 5ರಂದು ಬಿತ್ತು. ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿಗೆ ಕೆಳಗೆ ಮಾಂಡೋವಿ ಎಂದು ಹೆಸರು. ಅದಕ್ಕೆ ಆಗ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಕಾರಣ ಕೇಬಲ್ಲುಗಳ ತುಕ್ಕು. ಕಾರವಾರದಿಂದ ಮುಂಬಯಿಗೆ ಹೋಗುವ ಕರಾವಳಿಯ ಹೆದ್ದಾರಿ ಅಲ್ಲಿಯೇ ತುಂಡಾಗಿ, ಹೊಸ ಸೇತುವೆ ಬರುವವರೆಗೆ ವರ್ಷಗಟ್ಟಲೆ ಹೊಳೆ ದಾಟಲು ಫೆರಿಯೇ ಗತಿಯಾಯಿತು. ಉಪ್ಪುಗಾಳಿ, ಮುಂಗಾರು, ಮುಚ್ಚಿಟ್ಟ ಉಕ್ಕು ಇವು ಒಂದೆಡೆ ಸೇರಿದರೆ ಏನಾಗುತ್ತದೆಂಬುದಕ್ಕೆ ಪಶ್ಚಿಮ ಕರಾವಳಿ ಬೇರೆ ದೇಶದ ಉದಾಹರಣೆ ಹುಡುಕಬೇಕಾದ ಅಗತ್ಯವೇ ಇರಲಿಲ್ಲ.

ಆದರೂ ಜಿನೋವಾದ ಕಥೆಯನ್ನು ಹೇಳಲೇಬೇಕು. ಇಟಲಿಯ ಆ ಬಂದರು ನಗರದಲ್ಲಿ ರಿಕಾರ್ಡೊ ಮೊರಾಂಡಿ ವಿನ್ಯಾಸ ಮಾಡಿದ ಪೊಲ್ಚೆವೆರಾ ಸೇತುವೆ 1967ರಲ್ಲಿ ಸಂಚಾರಕ್ಕೆ ತೆರೆಯಿತು. ಮೂರು ಎತ್ತರದ ಗೋಪುರಗಳಿಂದ ಓರೆಯಾಗಿ ಇಳಿದ ಕಟ್ಟುಗಳು ರಸ್ತೆಯನ್ನು ಹಿಡಿದಿದ್ದವು. ಉಕ್ಕಿಗೆ ಸಮುದ್ರದ ಗಾಳಿ ತಗಲದಿರಲೆಂದು ಮೊರಾಂಡಿ ಆ ಕಟ್ಟುಗಳನ್ನು ಕಾಂಕ್ರೀಟಿನೊಳಗೆ ಹುದುಗಿಸಿದ್ದ. ರಕ್ಷಣೆಗೆಂದು ಮಾಡಿದ್ದು ಕಣ್ಕಟ್ಟಾಯಿತು. 1979ರ ವರದಿಯಲ್ಲಿಯೇ ಅವನು ಕಾಂಕ್ರೀಟು ಕೆಡುತ್ತಿದೆ, ಉಕ್ಕಿಗೆ ತುಕ್ಕಿನ ಭಯವಿದೆ, ಸತತ ನಿರ್ವಹಣೆ ಬೇಕೆಂದು ಎಚ್ಚರಿಸಿದ್ದ. ಕಟ್ಟಿದವನೇ ಹೇಳಿದ ಮಾತು ಅದು. 1990ರ ದಶಕದ ಆರಂಭದಲ್ಲಿ 11ನೆಯ ಗೋಪುರದ ಕಟ್ಟುಗಳನ್ನು ಬಿಚ್ಚಿ ನೋಡಿದಾಗ ಹುರಿಗಳು ತೀವ್ರವಾಗಿ ಹಾಳಾಗಿದ್ದವು. ಅಲ್ಲಿ ಹೊರಗಿನಿಂದ, ಕಣ್ಣಿಗೆ ಕಾಣುವಂತೆ, ಹೊಸ ಕೇಬಲ್ಲುಗಳನ್ನು ಹಾಕಿದರು. 9ನೆಯ ಗೋಪುರಕ್ಕೆ ಆ ಭಾಗ್ಯ ಬರಲಿಲ್ಲ. ದುರಸ್ತಿಯ ಯೋಜನೆ ಕಡತದಲ್ಲಿರುವಾಗಲೇ, 2018ರ ಆಗಸ್ಟ್ 14ರ ಮಳೆಯ ಬೆಳಗಿನಲ್ಲಿ 9ನೆಯ ಗೋಪುರ ಬಿದ್ದು 43 ಜನ ಸತ್ತರು. ಹೊರಗಿನ ಕೇಬಲ್ಲು ತೊಟ್ಟ 11ನೆಯ ಗೋಪುರ ನಿಂತೇ ಇತ್ತು. 2019ರ ಜೂನ್‌ನಲ್ಲಿ ಅದನ್ನು ಸ್ಫೋಟಕ ಇಟ್ಟು ಕೆಡವಬೇಕಾಯಿತು. ಒಂದೇ ಸೇತುವೆ, ಒಂದೇ ವಯಸ್ಸು, ಒಂದೇ ಗಾಳಿ.

ಹಾಗಾದರೆ ಅಂಟದ ಹುರಿಯೇ ಪರಿಹಾರವೇ? ಅರ್ಧ ಮಾತ್ರ. ಅದರ ಶ್ರೇಷ್ಠ ಗುಣ ಮೊದಲ ಪ್ರಯೋಗದಲ್ಲಿಯೇ ಕಂಡಿತ್ತು. ಜರ್ಮನಿಯ ಫ್ರಾಂಜ್ ಡಿಶಿಂಗರ್ 1930ರ ದಶಕದಲ್ಲಿ ಸ್ಯಾಕ್ಸನಿಯ ಆವೆ ಪಟ್ಟಣದ ರೈಲು ನಿಲ್ದಾಣದ ಬಳಿ ಕಟ್ಟಿದ ಸೇತುವೆಯಲ್ಲಿ ಎಳೆಗಳು ಕಾಂಕ್ರೀಟಿಗೆ ಅಂಟಿರಲಿಲ್ಲ, ಹೊರಗಿದ್ದವು. ಕಾಂಕ್ರೀಟು ಕುಗ್ಗಿ ಸೇತುವೆ ಬಾಗಿದಾಗ 1962ರಲ್ಲಿ ಒಮ್ಮೆ, 1983ರಲ್ಲಿ ಮತ್ತೊಮ್ಮೆ ಅವುಗಳನ್ನು ಬಿಗಿದರು. ಸೇತುವೆ 1990ರ ದಶಕದವರೆಗೆ ಬಾಳಿತು. ಹಗ್ಗದ ಮಂಚ ಜೋಲು ಬಿದ್ದರೆ ಹಗ್ಗ ಎಳೆದು ಕಟ್ಟುವಷ್ಟೇ ಸರಳ ತತ್ತ್ವ ಇದು. ಆದರೆ ಎಳೆದು ಕಟ್ಟಲು ಯಾರಾದರೂ ಬರಬೇಕು. ನಲವತ್ತು ವರ್ಷಗಳ ಬಳಿಕವೂ ಬರುವ ಒಂದು ಕಚೇರಿ, ತೆರೆದು ನೋಡುವ ಒಂದು ಕಡತ ಇರಬೇಕು. ಬೆಟ್ಟದ ಸೀಮೆಯಲ್ಲಿ ಇಲ್ಲದಿರುವುದು ಇವೆರಡೇ.

ಅಂಟದ ಹುರಿಯ ಮರ್ಮಸ್ಥಾನ ಅದರ ತುದಿ. ಬೆಣೆ ಕೂತ ಜಾಗವನ್ನು ಸರಿಯಾಗಿ ಮುಚ್ಚದಿದ್ದರೆ ನೀರು ಕವಚದೊಳಗೆ ನುಸುಳಿ, ಹುರಿಯ ಗುಂಟ ಹರಿದು, ತಗ್ಗಿನಲ್ಲಿ ನಿಲ್ಲುತ್ತದೆ. ಹೊರಗೆ ಚಪ್ಪಡಿ ಒಣಗಿಯೇ ಕಾಣುತ್ತದೆ. ಕೆನಡಾದ ಕ್ಯಾಲ್ಗರಿ ನಗರದಲ್ಲಿ ಹಿಂದಿನ ದಶಕಗಳಲ್ಲಿ ಇಂಥ ಹುರಿಗಳ ಅನೇಕ ವಸತಿ ಕಟ್ಟಡಗಳು ಎದ್ದವು. ಹಳೆಯ ಕವಚಗಳು ನೀರು ತಡೆಯುವಂತಿರಲಿಲ್ಲ. ಈಗ ಅಲ್ಲಿ ಫ್ಲ್ಯಾಟ್ ಕೊಳ್ಳುವವರು ಹುರಿಗಳ ತಪಾಸಣಾ ವರದಿ ಕೇಳುತ್ತಾರೆ, ಸಾಲ ಕೊಡುವವರು ಹಿಂದೆಗೆಯುವುದೂ ಉಂಟು. ಕ್ಯಾಲ್ಗರಿ ಮಳೆ ಕಡಿಮೆಯ ಒಣ ಊರು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕೊಟ್ಟಿಗೆಯ ಗೋಡೆಯೂ ಒಣಗುವುದಿಲ್ಲ. ಅಲ್ಲಿ ಬೆಣೆಯ ಗುಂಡಿಗೆ ಹಚ್ಚಿದ ಗಾರೆ ಎಷ್ಟು ಕಾಲ ಬಾಳುತ್ತದೆಂದು ಬೆಂಗಳೂರಿನ ಟೆಂಡರು ದಸ್ತಾವೇಜು ಹೇಳಲಾರದು.

ಕಟ್ಟಡಗಳ ವಿಷಯದಲ್ಲಿ ಇನ್ನೊಂದು ಅಪಾಯವಿದೆ, ಅದು ತೀರ ಮನೆಮಟ್ಟದ್ದು. ಎಂಟೊಂಬತ್ತು ಮೀಟರ್ ಅಂತರದ ಕಂಬಗಳ ನಡುವೆ 20 ಸೆಂ.ಮೀ. ದಪ್ಪದ ಚಪ್ಪಡಿಯೇ ಸಾಕೆಂಬುದು ಈ ತಂತ್ರದ ಆಕರ್ಷಣೆ. ವಾಣಿಜ್ಯ ಸಂಕೀರ್ಣ, ಕಲ್ಯಾಣ ಮಂಟಪ, ರೆಸಾರ್ಟು ಕಟ್ಟುವವರಿಗೆ ಕಂಬ ಕಡಿಮೆಯಾಗಿ ಹಜಾರ ವಿಶಾಲವಾಗುತ್ತದೆ. ಹತ್ತು ವರ್ಷಗಳ ಬಳಿಕ ಮಾಲೀಕ ಬದಲಾಗುತ್ತಾನೆ. ಹೊಸಬ ಒಂದು ಶೌಚಾಲಯ ಸೇರಿಸಲು ಹೊರಡುತ್ತಾನೆ. ಪ್ಲಂಬರ್ ಡ್ರಿಲ್ಲು ಹಿಡಿದು ಚಪ್ಪಡಿಗೆ ತೂತು ಕೊರೆಯುತ್ತಾನೆ. ಸಾಧಾರಣ ಆರ್‌ಸಿಸಿಯಲ್ಲಿ ಒಂದು ಸರಳು ತುಂಡಾದರೆ ಬೈಗುಳದಲ್ಲಿ ಮುಗಿಯುವ ಪ್ರಮಾದ ಇಲ್ಲಿ 14 ಟನ್ ಬಿಗಿತದ ಹುರಿಯನ್ನು ಕಡಿಯುವುದಾಗುತ್ತದೆ. ಕಡಿದ ಹುರಿ ಕಾಂಕ್ರೀಟನ್ನು ಸಿಡಿಸಿಕೊಂಡು ಹೊರಕ್ಕೆ ಚಿಮ್ಮಬಹುದು, ಮತ್ತು ಅದು ಹಾಯ್ದ ಎಲ್ಲ ಅಂಕಣಗಳ ಬಲ ಒಟ್ಟಿಗೆ ಕುಂದುತ್ತದೆ. ಅಮೆರಿಕದಲ್ಲಿ ಇಂಥ ಚಪ್ಪಡಿಯ ಮನೆಗಳ ಗ್ಯಾರೇಜಿನ ನೆಲದಲ್ಲಿಯೇ ‘ಕೊಯ್ಯಬೇಡಿ, ಕೊರೆಯಬೇಡಿ’ ಎಂದು ಅಚ್ಚೊತ್ತುವ ರೂಢಿಯಿದೆ. ಮಲೆನಾಡಿನ ಪಟ್ಟಣಗಳಲ್ಲಿ ಕಟ್ಟಡ ಪರವಾನಗಿಗೆ ಕೊಡುವ ನಕ್ಷೆಯಲ್ಲಿ ಹುರಿ ಎಲ್ಲಿ ಹಾಯ್ದಿದೆ ಎಂದು ಗುರುತಿಸುವಂತೆ ಪಟ್ಟಣ ಪಂಚಾಯಿತಿ ಒಮ್ಮೆಯಾದರೂ ಕೇಳಬೇಕಲ್ಲವೇ?

ಈ ತಂತ್ರವನ್ನು ‘ಹಸಿರು’ ಎಂದು ಮಾರುವವರ ವಾದಕ್ಕೂ ಉತ್ತರ ಕೊಡಬೇಕು, ಏಕೆಂದರೆ ಅದು ಪೂರ್ತಿ ಸುಳ್ಳಲ್ಲ. ಜಗತ್ತಿನ ಇಂಗಾಲದ ಡೈಆಕ್ಸೈಡಿನಲ್ಲಿ ಶೇ. 7–8ರಷ್ಟು ಸಿಮೆಂಟ್ ತಯಾರಿಕೆಯಿಂದ ಬರುತ್ತದೆ. ಚಪ್ಪಡಿ ತೆಳುವಾದರೆ ಸಿಮೆಂಟು ಉಳಿಯುತ್ತದೆ, ಹೊಳೆಯ ಮರಳು ಉಳಿಯುತ್ತದೆ, ಕ್ವಾರಿಗೆ ಹೋಗುವ ಗುಡ್ಡವೂ ಒಂದಿಷ್ಟು ಉಳಿಯುತ್ತದೆ. ನದಿಯ ನಡುವೆ ನಿಲ್ಲುವ ಕಂಬಗಳ ಸಂಖ್ಯೆ ಇಳಿಯುವುದೂ ಹೊಳೆಗೆ ಒಳ್ಳೆಯದೇ. ಪರಿಸರದ ಹೆಸರೆತ್ತುವವರು ಈ ಲಾಭವನ್ನು ಅಲ್ಲಗಳೆದರೆ ಅದು ಹಟವಾದೀತು. ಆದರೆ ಉಳಿತಾಯದ ಲೆಕ್ಕವನ್ನು ಆಯುಷ್ಯದಿಂದ ಭಾಗಿಸಬೇಕು. ನೂರು ವರ್ಷ ಬಾಳಬೇಕಾದ್ದು ಮಾಂಡೋವಿಯಂತೆ ಇಪ್ಪತ್ತರೊಳಗೆ ಬಿದ್ದರೆ ಅದೇ ಸಿಮೆಂಟು, ಅದೇ ಮರಳು, ಅದೇ ಜಲ್ಲಿ ಮತ್ತೊಮ್ಮೆ ಬೇಕು. ಕಾಮಗಾರಿಯ ದಿನ ಉಳಿಸಿದ ಮೂಟೆಗಳನ್ನು ಎಣಿಸಿ ಹಸಿರು ಪ್ರಮಾಣಪತ್ರ ಕೊಡುವವರು ನಲವತ್ತನೆಯ ವರ್ಷಕ್ಕೆ ಮರಳಿ ಬಂದು ಎಣಿಸುವುದಿಲ್ಲ.

ಪ್ರತಿ ಹಳ್ಳಕ್ಕೂ ಈ ವಿದ್ಯೆ ಬೇಕೆಂಬುದೂ ಭ್ರಮೆ. ಮಲೆನಾಡಿನ ಹಳ್ಳಗಳ ಮೇಲೆ ಅಡಿಕೆ ಮರದ ಸಂಕಗಳಿವೆ. ಅವು ಅಪಾಯಕಾರಿ, ಶಾಲೆಗೆ ಹೋಗುವ ಮಕ್ಕಳಿಗೆ ಗಟ್ಟಿಯಾದ ಕಾಲುಸಂಕ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸಂಕದ ಒಂದು ಗುಣವನ್ನು ಎಂಜಿನಿಯರುಗಳು ಗಮನಿಸಬೇಕು: ಅದು ಕೊಳೆತಾಗ ಊರಿಗೆ ಗೊತ್ತಾಗುತ್ತದೆ, ಬದಲಿಸುವುದೂ ಊರಿಗೆ ಗೊತ್ತಿದೆ. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಯ ಮೇಲೆ ಕಟ್ಟಿದ ತೂಗುಸೇತುವೆಯಿಂದ ಮೊದಲ್ಗೊಂಡು ನೂರಕ್ಕೂ ಮಿಕ್ಕಿ ಕಾಲುಸೇತುವೆಗಳನ್ನು ಕೊಟ್ಟರು. ಅವುಗಳ ಉಕ್ಕಿನ ಹಗ್ಗ ಕಣ್ಣೆದುರಿಗಿರುತ್ತದೆ. ತುಕ್ಕು ಹಿಡಿದರೆ ದಾಟುವ ಯಾರಿಗಾದರೂ ಕಾಣುತ್ತದೆ. ಐದಾರು ಮೀಟರ್ ಅಗಲದ ಹಳ್ಳಕ್ಕೆ ಊರಿನ ಮೇಸ್ತ್ರಿ ದುರಸ್ತಿ ಮಾಡಬಲ್ಲ ಆರ್‌ಸಿಸಿ ಚಪ್ಪಡಿಯೋ ಕಲ್ಲಿನ ಕಮಾನೋ ಸಾಕು. ಹುರಿಯ ವಿದ್ಯೆ ದೊಡ್ಡ ಹೊಳೆಗೆ ಇರಲಿ, ಅಲ್ಲಿಯೂ ಸಾಧ್ಯವಿದ್ದಷ್ಟು ಮಟ್ಟಿಗೆ ಕಾಣುವಂತೆ, ಬದಲಿಸುವಂತೆ ಇರಲಿ.

ಕಾಗದದ ಮಾತಿಗೆ ಬರೋಣ. ಶಾಂತಸಾಗರದ ಪಲಾವು ಎಂಬ ಪುಟ್ಟ ದ್ವೀಪದೇಶದಲ್ಲಿ ಎರಡು ದ್ವೀಪಗಳನ್ನು ಜೋಡಿಸಿ 1977ರಲ್ಲಿ ಒಂದು ಸೇತುವೆ ಕಟ್ಟಿದರು. ನಡುವೆ ಕಂಬವಿಲ್ಲದ 241 ಮೀಟರಿನ ಅಂಕಣ, ಆ ಕಾಲಕ್ಕೆ ದಾಖಲೆ. ಹುರಿಗಳಿಂದ ಬಿಗಿದ ಆ ತೊಲೆ ವರ್ಷ ಕಳೆದಂತೆ ನಡುವಿನಲ್ಲಿ ಒಂದು ಮೀಟರಿಗೂ ಹೆಚ್ಚು ಜೋಲು ಬಿತ್ತು. 1996ರಲ್ಲಿ ಹೊಸದಾಗಿ ಹೊರ ಕೇಬಲ್ಲುಗಳನ್ನು ಹಾಕಿ ಜಗ್ಗಿದರು, ನಡುವಿನ ಕೀಲನ್ನು ತೆಗೆದು ಒಂದಾಗಿಸಿದರು. ದುರಸ್ತಿ ಮುಗಿದು ಮೂರು ತಿಂಗಳ ಆಸುಪಾಸಿನಲ್ಲಿ, ಸೆಪ್ಟೆಂಬರ್ 26ರಂದು, ಸೇತುವೆ ಸಮುದ್ರಕ್ಕೆ ಬಿತ್ತು, ಇಬ್ಬರು ಸತ್ತರು. ವ್ಯಾಜ್ಯ ನಡೆದು ರಾಜಿಯಾಯಿತು, ರಾಜಿಯ ಷರತ್ತಿನಂತೆ ತಾಂತ್ರಿಕ ದಾಖಲೆಗಳನ್ನೆಲ್ಲ ಮುದ್ರೆ ಒತ್ತಿ ಮುಚ್ಚಿಟ್ಟರು. ಹನ್ನೊಂದು ವರ್ಷ ಜಗತ್ತಿನ ಯಾವ ಎಂಜಿನಿಯರನೂ ಅದರಿಂದ ಪಾಠ ಕಲಿಯುವಂತಿರಲಿಲ್ಲ.

ಆ ಮುದ್ರೆ ಒಡೆಯುವುದಕ್ಕೆ ನಾಂದಿಯಾದದ್ದು ಬೆಂಗಳೂರಿನಲ್ಲಿ ಎಂಬುದನ್ನು ಕನ್ನಡಿಗರಲ್ಲಿ ಹೆಚ್ಚಿನವರು ತಿಳಿಯರು. 2007ರ ನವೆಂಬರಿನಲ್ಲಿ ಅಲ್ಲಿ ಸೇರಿದ ರಚನಾ ಎಂಜಿನಿಯರುಗಳ ಮೂರನೆಯ ವಿಶ್ವ ಸಮ್ಮೇಳನ, ಅಮೆರಿಕದ ಪ್ರಾಧ್ಯಾಪಕ ಜ್ಡೆನೆಕ್ ಬಜಾಂಟ್ ಮಂಡಿಸಿದ ನಿರ್ಣಯವನ್ನು ಅಂಗೀಕರಿಸಿತು: ದೊಡ್ಡ ಕುಸಿತಗಳ ತಾಂತ್ರಿಕ ದಾಖಲೆಗಳನ್ನು ಬಚ್ಚಿಡುವುದು ವೃತ್ತಿಧರ್ಮಕ್ಕೆ ವಿರುದ್ಧ, ಪಲಾವಿನ ದಾಖಲೆಗಳೂ ಸೇರಿ ಅವು ಬಿಡುಗಡೆಯಾಗಬೇಕು. 2008ರ ಜನವರಿಯಲ್ಲಿ ಅವು ಬಿಡುಗಡೆಯಾದವು. ಕಾಂಕ್ರೀಟಿನ ದೀರ್ಘಕಾಲದ ಕುಗ್ಗುವಿಕೆಯನ್ನು ಆಗಿನ ಲೆಕ್ಕದ ಸೂತ್ರಗಳು ಬಹಳ ಕಡಿಮೆ ಅಂದಾಜಿಸಿದ್ದವು, ಹುರಿಗಳ ಬಲ ಎಣಿಸಿದ್ದಕ್ಕಿಂತ ಬಹು ಹೆಚ್ಚು ಕಳೆದುಹೋಗಿತ್ತು ಎಂದು ಅಧ್ಯಯನಗಳು ತೋರಿಸಿದವು. ಅದೇ ಜಾತಿಯ ಹತ್ತಾರು ಸೇತುವೆಗಳು ಬೇರೆ ಬೇರೆ ದೇಶಗಳಲ್ಲಿ ಹಾಗೆಯೇ ಜೋಲುತ್ತಿರುವುದೂ ಗಮನಕ್ಕೆ ಬಂತು. ಕೊನೆಯ ಕುಸಿತಕ್ಕೆ ದುರಸ್ತಿ ಎಷ್ಟರಮಟ್ಟಿಗೆ ಹೊಣೆ ಎಂಬ ಚರ್ಚೆ ಬೇರೆ. ಹನ್ನೊಂದು ವರ್ಷ ಮುಚ್ಚಿಟ್ಟದ್ದರಿಂದ ಯಾರ ಮಾನ ಉಳಿಯಿತೋ, ಯಾರ ಜೀವವೂ ಉಳಿಯಲಿಲ್ಲ.

ಬೆಂಗಳೂರಿನಲ್ಲಿ ವಿಶ್ವಕ್ಕೆ ಹೇಳಿದ ಮಾತು ಸಾಗರಕ್ಕೆ, ಕಾರವಾರಕ್ಕೆ ತಲುಪಬಾರದೇ? 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರ–ಸದಾಶಿವಗಡದ ಹಳೆಯ ಕಾಳಿ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಚಾಲಕನನ್ನು ಜೀವಂತ ಎತ್ತಿದ್ದು ಪುಣ್ಯ. ಹಗಲಿನಲ್ಲಿ ಬಿದ್ದಿದ್ದರೆ ಏನಾಗುತ್ತಿತ್ತೆಂದು ಆ ತೀರದವರು ಇಂದಿಗೂ ಮಾತನಾಡಿಕೊಳ್ಳುತ್ತಾರೆ. ನಾಲ್ಕು ದಶಕ ಅದನ್ನು ದಾಟಿದ ಸಾವಿರಾರು ಜನರಲ್ಲಿ ಅದರ ತಪಾಸಣಾ ವರದಿಯ ಒಂದು ಪುಟವನ್ನಾದರೂ ಕಂಡವರು ಎಷ್ಟು ಮಂದಿ? ಸೇತುವೆಗಳ ದಾಖಲಾತಿಗೆಂದು ಕೇಂದ್ರ ಸಾರಿಗೆ ಸಚಿವಾಲಯ 2016ರಲ್ಲಿ ಐಬಿಎಂಎಸ್ ಎಂಬ ವ್ಯವಸ್ಥೆಯನ್ನು ಆರಂಭಿಸಿತು. ಪ್ರತಿ ಸೇತುವೆಗೂ ಒಂದು ಗುರುತಿನ ಸಂಖ್ಯೆ, ಸ್ಥಿತಿಗೆ ಒಂದು ಅಂಕ ಕೊಡುವುದು ಅದರ ಉದ್ದೇಶ. ಸರಿಯಾದ ಹೆಜ್ಜೆಯೇ. ಆದರೆ ಆ ಅಂಕವನ್ನು ಸೇತುವೆಯ ತಲೆಯಲ್ಲಿ, ಕಾಮಗಾರಿಯ ಮೊತ್ತ ಬರೆದ ಫಲಕದ ಪಕ್ಕದಲ್ಲಿಯೇ, ಕನ್ನಡದಲ್ಲಿ ಬರೆಯುವುದಕ್ಕೆ ಏನು ಅಡ್ಡಿ?

ಅಡ್ಡಿ ಏನೆಂದು ಕೇಳಿದರೆ ಇಲಾಖೆಗಳಿಂದ ಬರುವ ಉತ್ತರ ಸಾಮಾನ್ಯವಾಗಿ ಎರಡು. ಹಳ್ಳಿಯವರಿಗೆ ಇದು ಅರ್ಥವಾಗುವುದಿಲ್ಲ ಎಂಬುದು ಒಂದು. ಅಡಿಕೆಗೆ ಬೋರ್ಡೋ ದ್ರಾವಣದ ಅಳತೆ, ಬ್ಯಾಂಕಿನ ಚಕ್ರಬಡ್ಡಿ, ಭೂದಾಖಲೆಯ ಗುಂಟೆ ಆಣೆ ಎಲ್ಲವನ್ನೂ ಅರಿತ ಜನಕ್ಕೆ ‘ಹುರಿ ಇಷ್ಟು ಹಿಗ್ಗಬೇಕಿತ್ತು, ಇಷ್ಟು ಹಿಗ್ಗಿತು’ ಎಂಬ ಎರಡು ಅಂಕಣಗಳ ಪಟ್ಟಿ ಅರ್ಥವಾಗದೆಂಬುದು ಅಹಂಕಾರದ ಮಾತು. ಹುರಿ ಜಗ್ಗುವ ದಿನ ಪ್ರತಿಯೊಂದರ ಬಲವನ್ನೂ ಹಿಗ್ಗನ್ನೂ ಅಳೆದು ಬರೆಯುವುದು ಕಡ್ಡಾಯವಾದ ಕ್ರಮ. ಆ ಪುಸ್ತಕ ಇದ್ದೇ ಇರಬೇಕು. ಅದು ಗುತ್ತಿಗೆದಾರನ ವ್ಯಾಪಾರ ರಹಸ್ಯ ಎಂಬುದು ಇನ್ನೊಂದು ಉತ್ತರ. ಮಾಹಿತಿ ಹಕ್ಕು ಕಾಯಿದೆ, 2005ರ 8(1)(ಡಿ) ಕಲಮನ್ನು ಇದಕ್ಕೆ ಹಿಡಿಯುತ್ತಾರೆ. ವಿಶಾಲ ಸಾರ್ವಜನಿಕ ಹಿತಾಸಕ್ತಿ ಇದ್ದರೆ ಅಂಥ ಮಾಹಿತಿಯನ್ನೂ ಕೊಡಬಹುದೆಂದು ಅದೇ ಕಲಮು ಹೇಳುತ್ತದೆ. ದಿನವೂ ಸೇತುವೆ ದಾಟುವ ಶಾಲಾ ಬಸ್ಸಿಗಿಂತ ವಿಶಾಲವಾದ ಸಾರ್ವಜನಿಕ ಹಿತಾಸಕ್ತಿ ಯಾವುದೆಂದು ಮೇಲ್ಮನವಿಯಲ್ಲಿ ಕೇಳಬಹುದು.

ಹಿನ್ನೀರಿನ ಎರಡೂ ದಡದ ಗ್ರಾಮ ಪಂಚಾಯಿತಿಗಳು, ಸಾಗರದ ಕಾಲೇಜುಗಳ ವಿದ್ಯಾರ್ಥಿಗಳು ಕಾಳಿಯಂಥ ರಾತ್ರಿಗೆ ಕಾಯಬೇಕಾಗಿಲ್ಲ. ಸೇತುವೆ ಹೊಸದಾಗಿರುವಾಗಲೇ ಕೇಳುವುದು ಒಳಿತು, ಏಕೆಂದರೆ ಮೊದಲ ದಿನದ ಅಳತೆ ಇಲ್ಲದೆ ಮುಂದಿನ ಯಾವ ಅಳತೆಗೂ ಬೆಲೆಯಿಲ್ಲ. ಅರ್ಜಿ ಒಂದು ವಿಷಯಕ್ಕೆ ಸೀಮಿತವಾಗಿ, 150 ಪದಗಳೊಳಗೆ ಇರಬೇಕೆಂಬುದು ರಾಜ್ಯದ ನಿಯಮ. ಶುಲ್ಕ 10 ರೂಪಾಯಿ. ಕೇಬಲ್ಲುಗಳಲ್ಲಿ ಅಂಟಿದವು ಎಷ್ಟು, ಅಂಟದವು ಎಷ್ಟು, ಯಾವುದನ್ನು ಸಂಚಾರ ನಿಲ್ಲಿಸದೆ ಬದಲಿಸಬಹುದು ಎಂಬುದು ಮೊದಲ ಪ್ರಶ್ನೆಯಾಗಲಿ. ಹುರಿ ಜಗ್ಗಿದ ದಿನಗಳ ಅಳತೆಯ ಪಟ್ಟಿಯ ನಕಲನ್ನು ಕೇಳಬೇಕು. ಸೇತುವೆಯ ನಡುಭಾಗದ ಮಟ್ಟವನ್ನು ಉದ್ಘಾಟನೆಯ ಹೊತ್ತಿಗೆ ಅಳೆದಿದ್ದರೆ ಆ ಸಂಖ್ಯೆ, ಮತ್ತೆ ಅಳೆಯುವ ದಿನಾಂಕ, ಕೇಬಲ್ಲುಗಳ ತುದಿಗಳನ್ನು ತೆರೆದು ನೋಡುವ ಅಧಿಕಾರಿಯ ಹುದ್ದೆ, ಅದಕ್ಕೆ ವರ್ಷಕ್ಕೆ ಇಟ್ಟ ಹಣ ಇವನ್ನೂ ಸೇರಿಸಬಹುದು. ಹೆದ್ದಾರಿಯ ಕಚೇರಿ 30 ದಿನಗಳೊಳಗೆ ಉತ್ತರಿಸಬೇಕು. ಬಂದ ಉತ್ತರದ ಒಂದು ಪ್ರತಿ ಪಂಚಾಯಿತಿಯ ಕಪಾಟಿನಲ್ಲಿ, ಇನ್ನೊಂದು ಶಾಲೆಯ ಗ್ರಂಥಾಲಯದಲ್ಲಿ ಇರಲಿ. ಉತ್ತರ ಬಾರದಿದ್ದರೆ ಅದೂ ಒಂದು ಉತ್ತರವೆಂದು ಗ್ರಾಮಸಭೆಯ ನಡಾವಳಿಯಲ್ಲಿ ತಾರೀಖು ಸಹಿತ ದಾಖಲಾಗಲಿ.